ಸ್ನ್ಯಾಚ್ ನಿಂತಲ್ಲೇ ನಿಂತಿದೆಯಾ? ಪ್ರೋಗ್ರಾಂ ಬದಲಿಸುವ ಮುಂಚೆ ನೋಡಬೇಕಾದದ್ದು

ವೇಟ್‌ಲಿಫ್ಟಿಂಗ್‌ನಲ್ಲಿ ರಾಡನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವುದು ಸ್ನ್ಯಾಚ್. ಕಾಲೇಜಿನ ಎರಡನೇ ವರ್ಷದಲ್ಲಿ ನನ್ನ ಸ್ನ್ಯಾಚ್ 60 ಕೆ.ಜಿ.ಯಲ್ಲಿ ನಿಂತುಬಿಟ್ಟಿತು. ಒಂದೆರಡು ವಾರ ಅಲ್ಲ, ಹದಿನಾಲ್ಕು ವಾರ. ಮಧ್ಯಾಹ್ನ ಲ್ಯಾಬ್, ಸಂಜೆ ಊರಿಗೆ ಕೊನೇ ಬಸ್ಸು. ಕೈಗೆ ಸಿಗುತ್ತಿದ್ದದ್ದು ಸೋಮವಾರ, ಬುಧವಾರ, ಶನಿವಾರ ತಲಾ ಒಂದು ಗಂಟೆ. ಆ ಹದಿನಾಲ್ಕು ವಾರದಲ್ಲಿ ನಾನು ಮೂರು ಪ್ರೋಗ್ರಾಂ, ಅಂದರೆ ತಾಲೀಮಿನ ಯೋಜನೆ, ಬದಲಾಯಿಸಿದೆ. ಅದರಲ್ಲಿ ಒಂದು, ದಿನಾ ಗರಿಷ್ಠ ತೂಕ ಎತ್ತುವ ಬಲ್ಗೇರಿಯನ್ ಮಾದರಿ. ಅದು ದಿನಕ್ಕೆ ಹಲವು ಸಲ ತಾಲೀಮು ಮಾಡುವುದನ್ನೇ ಕೆಲಸ ಮಾಡಿಕೊಂಡಿದ್ದ ಆಟಗಾರರಿಗಾಗಿ ಹುಟ್ಟಿದ್ದು. ವಾರಕ್ಕೆ ಮೂರು ಗಂಟೆ ಇದ್ದ ನನಗೆ ಅದು ಹೇಗೆ ಹೊಂದಬೇಕು?

ಕೊನೆಗೆ ಜಿಮ್ಮಿನಲ್ಲಿ ಹಿರಿಯ ಲಿಫ್ಟರ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು. "ನೆಲದಿಂದ 60 ಎತ್ತುತ್ತೀಯ, ಸರಿ. ಹ್ಯಾಂಗ್‌ನಿಂದ ಎಷ್ಟು ಎತ್ತುತ್ತೀಯ?" ಹ್ಯಾಂಗ್ ಅಂದರೆ ರಾಡನ್ನು ನೆಲದಿಂದಲ್ಲ, ಮಂಡಿಯ ಮೇಲೆ ಹಿಡಿದು ಅಲ್ಲಿಂದ ಎತ್ತುವುದು. ನನ್ನದು ಎಷ್ಟು ಅಂತ ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಅಣ್ಣ" ಅಂದೆ. "ಮತ್ತೆ ಯಾವುದನ್ನು ರಿಪೇರಿ ಮಾಡ್ತಿದ್ದೀಯ?" ಅಂದರು.

ಬೈಕು ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲೇ ಎಂಜಿನ್ ಬಿಚ್ಚುವುದಿಲ್ಲ. ಪೆಟ್ರೋಲ್ ಇದೆಯಾ ನೋಡುತ್ತಾನೆ, ಪ್ಲಗ್ ಬಿಚ್ಚಿ ಕಿಡಿ ಬರುತ್ತಾ ನೋಡುತ್ತಾನೆ. ಸಮಯ ಕಡಿಮೆ ಇರುವ ವಿದ್ಯಾರ್ಥಿಗಳು ಇದನ್ನೇ ತಿರುವುಮುರುವು ಮಾಡುತ್ತೇವೆ. ತೂಕ ನಿಂತ ಕೂಡಲೇ ಪ್ರೋಗ್ರಾಂ ಬಿಚ್ಚಿ ಹಾಕುತ್ತೇವೆ. ಪ್ರೋಗ್ರಾಂ ನೋಡಬೇಕಾದದ್ದು ಕೊನೆಗೆ. ಅದಕ್ಕೂ ಮುಂಚೆ ನೋಡಬೇಕಾದ್ದನ್ನು, ನಾನು ನೋಡುವ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ರಾಡು, ಪ್ಲೇಟು, ನೆಲ

ಇದು ಐದು ನಿಮಿಷದ ಕೆಲಸ. ಆದರೂ ಯಾರೂ ಮಾಡುವುದಿಲ್ಲ.

ರಾಡನ್ನು ಸ್ಟ್ಯಾಂಡ್ ಮೇಲಿಟ್ಟು ತುದಿಯ ಸ್ಲೀವ್ ಅನ್ನು, ಅಂದರೆ ಪ್ಲೇಟು ಕೂರುವ ಕೊಳವೆಯನ್ನು, ಕೈಯಿಂದ ತಿರುಗಿಸಿ. ಸಲೀಸಾಗಿ ಒಂದೆರಡು ಸುತ್ತು ತಿರುಗಬೇಕು. ತಿರುಗದೆ ಕಚ್ಚಿಕೊಂಡರೆ, ಸ್ನ್ಯಾಚಿನಲ್ಲಿ ಕೈ ಮಗುಚುವಾಗ ಪ್ಲೇಟಿನ ಭಾರವೂ ಮಣಿಕಟ್ಟಿನ ಮೇಲೆ ತಿರುಗುತ್ತದೆ. ಆಗ ಮಣಿಕಟ್ಟು ನೋಯುವುದು ನಿಮ್ಮ ತಂತ್ರದ ತಪ್ಪಲ್ಲ. ಸ್ಲೀವ್ ಬಿಚ್ಚಿ, ಹಳೇ ಗ್ರೀಸ್ ಒರೆಸಿ, ಎಣ್ಣೆ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಆಮೇಲೆ ಪ್ಲೇಟಿಲ್ಲದ ರಾಡನ್ನು ಸ್ಟ್ಯಾಂಡಿನ ಮೇಲೇ ಹಿಡಿದು ನಿಧಾನ ಉರುಳಿಸಿ. ನಡುಭಾಗ ಮೇಲೆ ಕೆಳಗೆ ಕುಣಿದರೆ ರಾಡ್ ಬಾಗಿದೆ ಎಂದರ್ಥ. ಅದು ಸ್ಕ್ವಾಟಿಗೆ (ರಾಡ್ ಹೊತ್ತು ಬಸ್ಕಿ ಹೊಡೆಯುವುದಕ್ಕೆ) ಇರಲಿ, ಸ್ನ್ಯಾಚಿಗೆ ಬೇಡ.

ಪ್ಲೇಟುಗಳನ್ನು ಒಮ್ಮೆ ತೂಗಿಸಿ. ನಮ್ಮ ಜಿಮ್ಮಿನ ಪ್ಲೇಟುಗಳನ್ನು ಹತ್ತಿರದ ಅಡಿಕೆ ಮಂಡಿಯಲ್ಲಿ ತೂಗಿಸಿದೆವು. 10 ಅಂತ ಬರೆದಿದ್ದ ಒಂದು ಪ್ಲೇಟು 9.4 ಇತ್ತು, ಅದರ ಜೋಡಿ 10.5. ಅಂದರೆ ನಾನು ಅಷ್ಟು ದಿನ ಒಂದು ಕಡೆ ವಾಲಿದ ರಾಡ್ ಎತ್ತುತ್ತಿದ್ದೆ. ತೂಕವನ್ನು ಪ್ಲೇಟಿನ ಮೇಲೆ ಬಣ್ಣದಲ್ಲಿ ಬರೆದು, ಜೋಡಿ ಬದಲಿಸಿಕೊಂಡೆವು. ಖರ್ಚು ಏನೂ ಆಗಲಿಲ್ಲ.

ಮುಂದಿನದು ಪ್ಲೇಟಿನ ಅಗಲ. ಸ್ಪರ್ಧೆಯ ದೊಡ್ಡ ಪ್ಲೇಟು 45 ಸೆಂ.ಮೀ. ಅಗಲ. ಹಾಗಾಗಿ ರಾಡಿನ ನಡುಮಧ್ಯ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿ ಇರುತ್ತದೆ. ಕಾಲೇಜು ಜಿಮ್ಮಿನಲ್ಲಿ ಸಿಗುವ ಕಬ್ಬಿಣದ 10ರ ಪ್ಲೇಟು ಅದಕ್ಕಿಂತ ಎಷ್ಟೋ ಚಿಕ್ಕದು. ನಮ್ಮದು 30 ಸೆಂ.ಮೀ. ಇತ್ತು. ರಾಡ್ 15 ಸೆಂ.ಮೀ. ಎತ್ತರಕ್ಕೆ ಇಳಿದುಬಿಡುತ್ತಿತ್ತು. ಅಷ್ಟು ಕೆಳಗೆ ಬಗ್ಗಿದರೆ ಬೆನ್ನು ಗೂನಾಗದೆ ಇರುವುದು ಕಷ್ಟ. ಪರಿಹಾರ ಸುಲಭ. ಪ್ಲೇಟಿನ ಅರ್ಧ ಅಗಲವನ್ನು 22.5ರಿಂದ ಕಳೆಯಿರಿ, ಅಷ್ಟು ದಪ್ಪದ ಹಲಗೆಯನ್ನು ಎರಡೂ ಕಡೆ ಪ್ಲೇಟಿನ ಕೆಳಗೆ ಇಡಿ. ನಮಗೆ ಬೇಕಾದದ್ದು 7.5 ಸೆಂ.ಮೀ. ಮರದ ಮಿಲ್ಲಿನ ತುಂಡು ಸಾಕಾಯಿತು. ಈ ಹಲಗೆಯ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಕೊನೆಯದು ಚಿಕ್ಕ ಪ್ಲೇಟು. ಬಹಳ ಕಡೆ ಅತಿ ಚಿಕ್ಕದು ಅಂದರೆ 2.5. ಎರಡು ಕಡೆಗೂ ಹಾಕಿದರೆ ಒಮ್ಮೆಲೇ 5 ಕೆ.ಜಿ. ಏರುತ್ತದೆ. 100 ಎತ್ತುವವರಿಗೆ ಅದು ಶೇ. 5. 45 ಎತ್ತುವ ಹುಡುಗಿಗೆ ಶೇ. 11. ಸ್ಪರ್ಧೆಯಲ್ಲೇ 1 ಕೆ.ಜಿ. ಲೆಕ್ಕದಲ್ಲಿ ಏರಿಸಬಹುದು, ತಾಲೀಮಿನಲ್ಲಿ ಮಾತ್ರ 5ರ ಗೋಡೆ ಹಾರಬೇಕು ಅಂದರೆ ಹೇಗೆ? "ನನ್ನ ಸ್ನ್ಯಾಚ್ ನಿಂತಿದೆ" ಅನ್ನುವ ಎಷ್ಟೋ ಮಂದಿಯದು ನಿಂತಿರುವುದಿಲ್ಲ. 47 ಎತ್ತುವ ಶಕ್ತಿ ಬಂದಿರುತ್ತದೆ, 47 ಹಾಕಲು ಪ್ಲೇಟು ಇರುವುದಿಲ್ಲ. ಲೇತ್ ಅಂಗಡಿಗೆ ಹೋಗಿ 10 ಮಿ.ಮೀ. ದಪ್ಪದ ಉಕ್ಕಿನ ತಗಡಿನಲ್ಲಿ 14 ಸೆಂ.ಮೀ. ಅಗಲದ ಎರಡು ಬಿಲ್ಲೆ ಕತ್ತರಿಸಿಕೊಡಿ ಅನ್ನಿ. ನಡುವೆ 51 ಮಿ.ಮೀ. ತೂತು, ಏಕೆಂದರೆ ಸ್ಲೀವ್ 50 ಮಿ.ಮೀ. ಇರುತ್ತದೆ. ಒಂದೊಂದು ಸುಮಾರು 1 ಕೆ.ಜಿ. ಬರುತ್ತದೆ. ಅರ್ಧ ದಪ್ಪದ ತಗಡಿನಲ್ಲಿ ಇನ್ನೆರಡು ಮಾಡಿಸಿದರೆ 1 ಕೆ.ಜಿ. ಏರಿಕೆಯೂ ಕೈಗೆ ಸಿಕ್ಕಿತು.

ಕಾಲಿನ ಕಡೆಯೂ ಒಮ್ಮೆ ನೋಡಿಕೊಳ್ಳಿ. ಓಡುವ ಶೂ ಹಾಕಿದ್ದರೆ ತೆಗೆಯಿರಿ. ಮೆತ್ತನೆ ಅಡಿಯ ಮೇಲೆ ನಿಂತು ಭಾರ ಎತ್ತುವುದು ಹಾಸಿಗೆ ಮೇಲೆ ನಿಂತು ಎತ್ತಿದ ಹಾಗೆ. ಗಟ್ಟಿ ಅಡಿಯ ಕ್ಯಾನ್ವಾಸ್ ಶೂ ಆದರೂ ಸಾಕು.

ನೋಟ್‌ಬುಕ್ಕು ಮತ್ತು ಗಡಿಯಾರ

ಎರಡು ವಾರ ಪ್ರತಿ ಲಿಫ್ಟನ್ನೂ ಬರೆಯಿರಿ. ಸಮಯ, ತೂಕ, ಆಯಿತಾ ಬಿತ್ತಾ, ಬಿದ್ದರೆ ಮುಂದಕ್ಕಾ ಹಿಂದಕ್ಕಾ. ಇಷ್ಟೇ. ಜಾಸ್ತಿ ಬೇಡ.

ನಾನು ಹೀಗೆ ಬರೆದಾಗ ಎರಡು ವಿಷಯ ಎದ್ದು ಕಂಡವು. ಒಂದು, ಗಂಟೆಗೆ ನಾನು ಮಾಡುತ್ತಿದ್ದ ಸರಿಯಾದ ಲಿಫ್ಟ್ ಬರೀ ಹದಿನಾಲ್ಕು. ಉಳಿದ ಸಮಯ ವಾರ್ಮ್ ಅಪ್, ಮಾತು, ಫೋನು. ಎರಡು, ನನ್ನ ಗರಿಷ್ಠ ತೂಕದ ಶೇ. 80ಕ್ಕಿಂತ ಮೇಲೆ ಹತ್ತಕ್ಕೆ ನಾಲ್ಕು ಬೀಳುತ್ತಿದ್ದವು. ಅಂದರೆ ತಪ್ಪಾಗಿ ಎತ್ತುವುದನ್ನೇ ನಾನು ಅಭ್ಯಾಸ ಮಾಡುತ್ತಿದ್ದೆ.

ಹತ್ತರಲ್ಲಿ ಎಂಟಾದರೂ ಆಗಬೇಕು. ಅದಕ್ಕಿಂತ ಕಡಿಮೆಯಾದರೆ ತೂಕ ಇಳಿಸಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಒಂದೇ ತೂಕ ಎರಡು ಸಲ ಬಿದ್ದರೆ ಆ ದಿನ ಅದನ್ನು ಮತ್ತೆ ಮುಟ್ಟಬಾರದು ಅನ್ನುವ ನಿಯಮ ಇಟ್ಟುಕೊಳ್ಳಿ. ಸಮಯ ಸೋರುವುದಕ್ಕೆ ಮದ್ದು ಗಡಿಯಾರ. ಶೇ. 70ರಿಂದ 80ರ ತೂಕದಲ್ಲಿ ಒಂದೂವರೆ ನಿಮಿಷಕ್ಕೆ ಒಂದು ಲಿಫ್ಟ್. ಇಪ್ಪತ್ತು ನಿಮಿಷಕ್ಕೆ ಹದಿಮೂರು ಲಿಫ್ಟ್ ಆಯಿತಲ್ಲ. ಮೊದಲು ಒಂದು ಗಂಟೆಗೆ ಆಗುತ್ತಿದ್ದದ್ದು ಈಗ ಇಪ್ಪತ್ತು ನಿಮಿಷಕ್ಕೆ!

ನಾಲ್ಕು ಹೋಲಿಕೆ

ಇಲ್ಲಿಂದ ನಿಜವಾದ ಪತ್ತೆ ಕೆಲಸ ಶುರು. ನಿಮ್ಮದೇ ಲಿಫ್ಟುಗಳನ್ನು ಒಂದಕ್ಕೊಂದು ಹೋಲಿಸಿದರೆ ದೋಷ ಎಲ್ಲಿದೆ ಅಂತ ಅವೇ ಹೇಳುತ್ತವೆ. ಎಲ್ಲವನ್ನೂ ಒಂದೇ ದಿನ ಪರೀಕ್ಷೆ ಮಾಡಬೇಡಿ. ದಿನಕ್ಕೆ ಒಂದು ಅಥವಾ ಎರಡು, ಎರಡು ವಾರದಲ್ಲಿ ಮುಗಿಸಿ. ಲಿಫ್ಟ್ ಚೆನ್ನಾಗಿ ಕಾಣುವ ತನಕ ಮಾತ್ರ ತೂಕ ಏರಿಸಿ.

ಮೊದಲನೆಯದು ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್. ರಾಡನ್ನು ನೆಲದಿಂದ ಭುಜಕ್ಕೆ ಎತ್ತುವುದು ಕ್ಲೀನ್, ಅಲ್ಲಿಂದ ತಲೆಯ ಮೇಲೆ ತಳ್ಳುವುದು ಜರ್ಕ್. ಸ್ನ್ಯಾಚ್ ಸಾಮಾನ್ಯವಾಗಿ ಕ್ಲೀನ್ ಅಂಡ್ ಜರ್ಕಿನ ಶೇ. 80ರ ಆಸುಪಾಸು ಇರುತ್ತದೆ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದಾಗ ಎತ್ತಿದ್ದು 111 ಮತ್ತು 138. ಲೆಕ್ಕ ಹಾಕಿ, ಶೇ. 80. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕೆ.ಜಿ. ವಿಭಾಗದ ಕಂಚು ಗೆದ್ದಾಗ 118 ಮತ್ತು 151, ಶೇ. 78. ಅವರು ಉಜಿರೆಯಲ್ಲಿ ಕಾಲೇಜು ಓದುತ್ತಿದ್ದಾಗಲೇ ಈ ಆಟಕ್ಕೆ ಬಂದವರು ಅನ್ನುವುದು ನನಗೆ ಯಾವಾಗಲೂ ಧೈರ್ಯ ಕೊಡುವ ವಿಷಯ. ಮೀರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು 87 ಮತ್ತು 115ಕ್ಕೆ, ಶೇ. 76. ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿಯಲ್ಲಿ ಕಂಚು ಗೆದ್ದದ್ದು 110 ಮತ್ತು 130ಕ್ಕೆ, ಶೇ. 85. ಕೊನೇ ಪ್ರಯತ್ನದಲ್ಲಿ ಅವರು ಕೇಳಿದ್ದು 137.5, ಅದು ತಪ್ಪಿತು. ಅದು ಆಗಿದ್ದರೆ ಅವರ ಲೆಕ್ಕವೂ ಸರಿಯಾಗಿ 80ಕ್ಕೆ ಬಂದು ನಿಲ್ಲುತ್ತಿತ್ತು.

ದೊಡ್ಡ ಆಟಗಾರರಲ್ಲೇ ಇಷ್ಟು ವ್ಯತ್ಯಾಸ ಇದೆ, ಹಾಗಾಗಿ 78 ಬಂತು ಅಂತ ಗಾಬರಿ ಬೇಡ. 75ಕ್ಕಿಂತ ಕೆಳಗೆ ಇಳಿದರೆ ದೋಷ ಸ್ನ್ಯಾಚಿನ ತಂತ್ರದಲ್ಲಿದೆ ಎಂದು ತಿಳಿಯಿರಿ. 85 ದಾಟಿದರೆ ಸ್ನ್ಯಾಚ್ ಚೆನ್ನಾಗಿದೆ, ಕಾಲು ಅಥವಾ ಜರ್ಕ್ ಹಿಂದೆ ಬಿದ್ದಿದೆ.

ಎರಡನೆಯದು ಹ್ಯಾಂಗ್ ಮತ್ತು ನೆಲ. ಮಂಡಿಯ ಮೇಲಿನಿಂದ ಎತ್ತುವ ಹ್ಯಾಂಗ್ ಸ್ನ್ಯಾಚ್, ನೆಲದಿಂದ ಎತ್ತುವುದರ ಶೇ. 90ರಿಂದ 95 ಇರಬೇಕು. ಎರಡೂ ಸಮ ಇದ್ದರೆ ಅಥವಾ ಹ್ಯಾಂಗೇ ಜಾಸ್ತಿ ಇದ್ದರೆ, ನೆಲದಿಂದ ಮಂಡಿಯ ತನಕದ ದಾರಿಯಲ್ಲಿ ನೀವು ಏನನ್ನೋ ಕಳೆದುಕೊಳ್ಳುತ್ತಿದ್ದೀರಿ. ಬಹಳ ಸಲ ಅದು ಸೊಂಟ ಮೊದಲೇ ಎದ್ದುಬಿಡುವುದು. ಸೊಂಟ ಎದ್ದರೆ ಎದೆ ಕೆಳಗುಳಿಯುತ್ತದೆ, ಭಾರ ಕಾಲ್ಬೆರಳಿಗೆ ಬರುತ್ತದೆ, ರಾಡ್ ಮೈಯಿಂದ ದೂರ ಸರಿಯುತ್ತದೆ.

ಮೂರನೆಯದು ಪವರ್ ಸ್ನ್ಯಾಚ್ ಮತ್ತು ಪೂರ್ತಿ ಸ್ನ್ಯಾಚ್. ಪವರ್ ಅಂದರೆ ಪೂರ್ತಿ ಕೂರದೆ, ತೊಡೆ ನೆಲಕ್ಕೆ ಸಮ ಆಗುವ ಮೊದಲೇ ಹಿಡಿಯುವುದು. ಅದು ಪೂರ್ತಿ ಸ್ನ್ಯಾಚಿನ ಶೇ. 80ರಿಂದ 85 ಇದ್ದರೆ ಸರಿ. 95 ಇದ್ದರೆ ಎಳೆಯುವ ಶಕ್ತಿ ಧಾರಾಳವಾಗಿದೆ, ಕೆಳಗೆ ಹೋಗುವುದಕ್ಕೆ ಆಗುತ್ತಿಲ್ಲ. ಅದು ಹೆದರಿಕೆಯೂ ಇರಬಹುದು, ಕೀಲು ಬಿಗಿಯಾಗಿರುವುದೂ ಇರಬಹುದು. ಯಾವುದು ಅಂತ ತಿಳಿಯಲು ಗೋಡೆಯ ಮುಂದೆ ಒಂದು ಮಂಡಿ ಊರಿ ಕೂತು, ಇನ್ನೊಂದು ಪಾದದ ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರ ಇಡಿ. ಹಿಮ್ಮಡಿ ಎತ್ತದೆ ಆ ಕಾಲಿನ ಮಂಡಿ ಗೋಡೆಗೆ ತಾಗಬೇಕು. ತಾಗದಿದ್ದರೆ ಪಾದದ ಕೀಲು ಬಿಗಿ. ಹಾಸ್ಟೆಲ್ ರೂಮಿನಲ್ಲಿ ಓದುವಾಗಲೇ ಆಗಾಗ ಕುಕ್ಕರುಗಾಲಲ್ಲಿ ಕೂರಿ, ಜಿಮ್ಮಿನ ಸಮಯ ಇದಕ್ಕೆ ಕೊಡಬೇಡಿ. ತಾಗಿದರೆ ಅದು ಹೆದರಿಕೆ. ಖಾಲಿ ರಾಡನ್ನು ತಲೆಯ ಮೇಲೆ ಹಿಡಿದು ಕೂರುವ ಓವರ್‌ಹೆಡ್ ಸ್ಕ್ವಾಟ್ ಮಾಡಿ, ಕೆಳಗೆ ಮೂರು ಸೆಕೆಂಡ್ ಕೂತಿರಿ. ರಾಡನ್ನು ಹಿಂದಕ್ಕೆ ಬಿಟ್ಟು ಮುಂದಕ್ಕೆ ಜಾರುವುದನ್ನು ಹಗುರ ತೂಕದಲ್ಲೇ ಕಲಿಯಿರಿ. ಬಿಡಲು ಬಂದವರಿಗೆ ಕೂರಲು ಭಯ ಇರುವುದಿಲ್ಲ.

ನಾಲ್ಕನೆಯದು ಕ್ಲೀನ್ ಮತ್ತು ಫ್ರಂಟ್ ಸ್ಕ್ವಾಟ್, ಅಂದರೆ ರಾಡನ್ನು ಭುಜದ ಮುಂಭಾಗದಲ್ಲಿಟ್ಟು ಹೊಡೆಯುವ ಬಸ್ಕಿ. ಕ್ಲೀನ್ ತೂಕ ಫ್ರಂಟ್ ಸ್ಕ್ವಾಟಿನ ಶೇ. 80ರಿಂದ 90ರ ಒಳಗಿರಲಿ. 95 ತಲುಪಿದ್ದರೆ ತಂತ್ರ ಮುಗಿದಿದೆ, ಇನ್ನು ಕಾಲೇ ಬೆಳೆಯಬೇಕು. ಬಸ್ಕಿ ಹೊಡೆಯದೆ ಬೇರೆ ದಾರಿ ಇಲ್ಲ. 70 ಇದ್ದರೆ ಕಾಲಿಗೆ ಶಕ್ತಿ ಇದೆ, ಅದು ರಾಡಿಗೆ ಮುಟ್ಟುತ್ತಿಲ್ಲ. ಅಂಥವರು ಮತ್ತೆ ಮತ್ತೆ ಸ್ಕ್ವಾಟ್ ಪ್ರೋಗ್ರಾಂ ಹಿಡಿದುಕೊಳ್ಳುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಇರುವ ಮೂರು ಗಂಟೆಯೂ ಬೇಡದ ಕಡೆ ಹೋಗುತ್ತದೆ.

ನನ್ನ ಲೆಕ್ಕ ಹೀಗಿತ್ತು. ಕ್ಲೀನ್ ಅಂಡ್ ಜರ್ಕ್ 82, ಸ್ನ್ಯಾಚ್ 60, ಅಂದರೆ ಶೇ. 73. ಫ್ರಂಟ್ ಸ್ಕ್ವಾಟ್ 100, ಅದು ಸರಿ. ಪವರ್ ಸ್ನ್ಯಾಚ್ 50, ಅದೂ ಸರಿ. ಹ್ಯಾಂಗ್ ಸ್ನ್ಯಾಚ್ 60. ನೆಲದಿಂದಲೂ ಅದೇ 60! ದೋಷ ಸಿಕ್ಕಿತು. ವಿಡಿಯೊದಲ್ಲಿ ನೋಡಿದರೆ ರಾಡ್ ನೆಲ ಬಿಡುವ ಮೊದಲೇ ಸೊಂಟ ಎದ್ದಿತ್ತು. ಅದಕ್ಕೆ ಕಾರಣ ಆ ಚಿಕ್ಕ ಪ್ಲೇಟುಗಳು. ರಾಡ್ ಅಷ್ಟು ಕೆಳಗಿದ್ದದ್ದರಿಂದ ಸರಿಯಾಗಿ ಕೂತು ಹಿಡಿಯಲು ಆಗುತ್ತಿರಲಿಲ್ಲ, ಮೈ ತಾನೇ ಒಂದು ಅಡ್ಡದಾರಿ ಹುಡುಕಿಕೊಂಡಿತ್ತು. ಎರಡು ಹಲಗೆ ತುಂಡು ಇಟ್ಟೆವು. ಶೇ. 70ರ ತೂಕದಲ್ಲಿ ಮಂಡಿಯ ಹತ್ತಿರ ಎರಡು ಸೆಕೆಂಡ್ ನಿಂತು, ಆಮೇಲೆ ಎಳೆಯುವ ಸ್ನ್ಯಾಚನ್ನು ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತು ನಿಮಿಷ ಮಾಡಿದೆ. ಏಳನೇ ವಾರ 66 ಬಂತು.

ರಾಡ್ ಎಲ್ಲಿಗೆ ಬೀಳುತ್ತದೆ

ಫೋನನ್ನು ಸರಿಯಾಗಿ ಪಕ್ಕಕ್ಕೆ, ಸೊಂಟದ ಎತ್ತರದಲ್ಲಿ, ಮೂರು ನಾಲ್ಕು ಮೀಟರ್ ದೂರ ಇಡಿ. ಓರೆಯಾಗಿ ಇಟ್ಟರೆ ರಾಡಿನ ದಾರಿ ಸುಳ್ಳು ಹೇಳುತ್ತದೆ. ನೆಲದ ಮೇಲೆ ಕಾಲ್ಬೆರಳ ತುದಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ.

ಲಿಫ್ಟ್ ಆದ ಮೇಲೆ ಕಾಲು ಗೆರೆ ದಾಟಿ ಮುಂದೆ ಬಂದಿದ್ದರೆ ರಾಡ್ ಮುಂದಕ್ಕೆ ಹೋಗಿದೆ, ನೀವು ಅದನ್ನು ಅಟ್ಟಿಸಿಕೊಂಡು ಹೋಗಿದ್ದೀರಿ. ಕಾರಣ ಹೆಚ್ಚಾಗಿ ಎರಡು. ಭಾರ ಕಾಲ್ಬೆರಳಿನ ಮೇಲಿತ್ತು, ಅಥವಾ ಸೊಂಟದಿಂದ ರಾಡನ್ನು ಗುದ್ದಿದಿರಿ. ಗುದ್ದಿದರೆ ರಾಡ್ ಮೇಲೆ ಹೋಗುವ ಬದಲು ಕಮಾನಿನಂತೆ ಮುಂದೆ ಹಾರುತ್ತದೆ. ಕೈ ಬೇಗ ಮಡಚಿದರೂ ಇದೇ ಆಗುತ್ತದೆ. ಸ್ನ್ಯಾಚ್ ಹಿಂದಕ್ಕೆ ಬೀಳುವುದು ಅಷ್ಟು ಕೆಟ್ಟದ್ದಲ್ಲ. ಎತ್ತರ ಸಾಕಷ್ಟಿದೆ, ಕೆಳಗೆ ಹಿಡಿತ ಗಟ್ಟಿಯಾಗಬೇಕು ಅಷ್ಟೇ.

ಜರ್ಕ್ ಮುಂದಕ್ಕೆ ಬಿದ್ದರೆ ಭುಜದ ಕಡೆ ನೋಡಬೇಡಿ, ಡಿಪ್ ನೋಡಿ, ಅಂದರೆ ತಳ್ಳುವ ಮೊದಲು ಮಂಡಿ ಮಡಚಿ ಸ್ವಲ್ಪ ಇಳಿಯುವುದನ್ನು. ಮಂಡಿ ಮಡಚುವಾಗ ಎದೆ ಮುಂದೆ ಬಾಗುತ್ತಿರುತ್ತದೆ. ಗೋಡೆಗೆ ಬೆನ್ನು ತಾಗಿಸಿ, ಜಾರಿಕೊಂಡು ಡಿಪ್ ಮಾಡಿ ನೋಡಿದರೆ ನೇರ ಅಂದರೇನು ಅಂತ ಗೊತ್ತಾಗುತ್ತದೆ. ಮೇಲೆ ಹಿಡಿದ ಮೇಲೆ ಮೊಣಕೈ ಮಡಚಿ ಮತ್ತೆ ತಳ್ಳಿದರೆ ಸ್ಪರ್ಧೆಯಲ್ಲಿ ಅದು ನೋ ಲಿಫ್ಟ್. ತಾಲೀಮಿನಲ್ಲೂ ಅದನ್ನು ಬಿದ್ದ ಲಿಫ್ಟ್ ಎಂದೇ ಬರೆದುಕೊಳ್ಳಿ.

ಸೊಂಟ, ಮಂಡಿ, ಮಣಿಕಟ್ಟಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಈ ಪತ್ತೆ ಕೆಲಸ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಊಟ ಮತ್ತು ನಿದ್ದೆ

ನೋಟ್‌ಬುಕ್ಕಿನಲ್ಲಿ ಕೆಟ್ಟ ದಿನಗಳ ಪಕ್ಕ ಹಿಂದಿನ ರಾತ್ರಿಯ ನಿದ್ದೆಯ ಗಂಟೆ ಬರೆದುಬಿಡಿ. ಮೂರು ವಾರದಲ್ಲಿ ಚಿತ್ರ ತಾನೇ ಬಿಡಿಸಿಕೊಳ್ಳುತ್ತದೆ. ಪ್ರೋಟೀನು ಮೈತೂಕದ ಕೆ.ಜಿ.ಗೆ 1.6 ಗ್ರಾಂ ಇದ್ದರೆ ಸಾಕು. 62 ಕೆ.ಜಿ. ಹುಡುಗನಿಗೆ ಸುಮಾರು 100 ಗ್ರಾಂ. ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಕಡಲೇಕಾಯಿ ಬೀಜದಲ್ಲಿ 25, ಐವತ್ತು ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25ರಷ್ಟು. ಉಳಿದದ್ದನ್ನು ಹುರುಳಿ, ಕಾಳು ಸಾರು, ಮೊಸರು ತುಂಬಿಕೊಡುತ್ತವೆ. ದುಬಾರಿ ಡಬ್ಬ ಬೇಕಾಗಿಲ್ಲ.

ಈಗ ಪ್ರೋಗ್ರಾಂ

ಮೇಲಿನದೆಲ್ಲ ಸರಿ ಇದ್ದು, ಆರು ವಾರವಾದರೂ ತೂಕ ಅಲುಗದಿದ್ದರೆ ಆಗ ಪ್ರೋಗ್ರಾಂ ಮೇಲೆ ಅನುಮಾನ ಪಡಿ. ಮೂರು ದಿನ, ತಲಾ ಒಂದು ಗಂಟೆ ಇರುವವರಿಗೆ ನಾನು ಹೇಳುವುದು ಇದು.

ಮೊದಲ ದಿನ ಸ್ನ್ಯಾಚ್, ಶೇ. 70ರಿಂದ 80, ಒಂದೂವರೆ ನಿಮಿಷಕ್ಕೊಂದರಂತೆ ಹದಿಮೂರು. ಆಮೇಲೆ ನಾಲ್ಕು ಸೆಟ್ ಬ್ಯಾಕ್ ಸ್ಕ್ವಾಟ್ (ರಾಡ್ ಬೆನ್ನ ಮೇಲೆ), ಐದೈದು. ಎರಡನೇ ದಿನ ಅದೇ ರೀತಿ ಕ್ಲೀನ್ ಅಂಡ್ ಜರ್ಕ್, ಆದರೆ ಎರಡು ನಿಮಿಷಕ್ಕೊಂದು, ಹತ್ತು ಸಾಕು. ಆಮೇಲೆ ಫ್ರಂಟ್ ಸ್ಕ್ವಾಟ್ ಮೂರು ಮೂರರಂತೆ ನಾಲ್ಕು ಸೆಟ್. ಮೂರನೇ ದಿನ ಎರಡೂ ಲಿಫ್ಟ್, ಶೇ. 85 ಅಥವಾ 90ರ ತನಕ ಒಂದೊಂದಾಗಿ ಏರಿ, ಅಲ್ಲಿ ಮೂರು ಚೆನ್ನಾದ ಲಿಫ್ಟ್ ಮಾಡಿ ಮನೆಗೆ ಹೋಗಿ. ನಾಲ್ಕು ಹೋಲಿಕೆಯಲ್ಲಿ ಸಿಕ್ಕ ದೋಷಕ್ಕೆ ಪ್ರತಿ ದಿನ ಶುರುವಿನಲ್ಲಿ ಹತ್ತು ನಿಮಿಷ. ವಾರ್ಮ್ ಅಪ್ ಅದರಲ್ಲೇ ಸೇರಿಹೋಗುತ್ತದೆ. ಬೈಸೆಪ್ಸ್, ಹೊಟ್ಟೆ, ಇನ್ನೊಂದು ಮತ್ತೊಂದು ಬೇಡ.

ಬದಲಾಯಿಸುವುದಾದರೆ ಒಮ್ಮೆಗೆ ಒಂದೇ ವಿಷಯ ಬದಲಾಯಿಸಿ, ಮೂರು ವಾರ ಬಿಡಿ. ಎರಡು ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ. ತಾಲೀಮಿನ ಒಟ್ಟು ಸಮಯ ಹೆಚ್ಚಿಸುವುದು ಕೊನೇ ಉಪಾಯ. ಮೂರು ಗಂಟೆಯನ್ನು ತಲಾ ನಲವತ್ತೈದು ನಿಮಿಷದಂತೆ ನಾಲ್ಕು ದಿನಕ್ಕೆ ಹಂಚಿ ನೋಡುವುದು ಅದಕ್ಕಿಂತ ಮೊದಲು.

ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ ಬಂದಾಗ ತೂಕ ಇಳಿಸಬೇಡಿ, ಲಿಫ್ಟುಗಳ ಸಂಖ್ಯೆ ಇಳಿಸಿ. ವಾರಕ್ಕೆ ಎರಡು ಸಲ, ಮೂವತ್ತು ಮೂವತ್ತು ನಿಮಿಷ. ಶೇ. 80ರಲ್ಲಿ ಸ್ನ್ಯಾಚ್ ಐದು, ಕ್ಲೀನ್ ಅಂಡ್ ಜರ್ಕ್ ನಾಲ್ಕು, ಎರಡು ಸೆಟ್ ಸ್ಕ್ವಾಟ್. ಹೀಗೆ ಮೂರು ವಾರ ಕಳೆದರೂ ನನ್ನ ತೂಕ ಇಳಿದದ್ದಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಗರಿಷ್ಠಕ್ಕೆ ಹೋಗಬೇಡಿ. ಒಂದು ವಾರ ಮಾಮೂಲಿ ತಾಲೀಮು ಮಾಡಿ, ಆಮೇಲೆ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮತ್ತೆ ಆ ನಾಲ್ಕು ಹೋಲಿಕೆ ಮಾಡಿ. ಹಳೇ ದೋಷ ಹೋಗಿ ಬೇರೆಯದು ಮುಂದೆ ಬಂದಿರುತ್ತದೆ. ನನಗೆ ಆಗ ಬಂದದ್ದು ಜರ್ಕಿನ ಡಿಪ್.